ಅಪ್ಪ ಸೇದದ ಸಿಗಾರು

ನಮ್ಮ ದೇವರ ಮನೆಯಲ್ಲಿ ಹೂಬತ್ತಿ ಹಾಕಿಡಲು ಒಂದು ಮರದ ಪೆಟ್ಟಿಗೆ ಇದೆ. ಮುಚ್ಚಳದ ಮೇಲೆ ಪರದೇಶದ ಅಕ್ಷರ, ಚಿನ್ನದ ಬಣ್ಣದ ಮುದ್ರೆ, ಅದರ ನೆತ್ತಿಗೆ ಆಯುಧಪೂಜೆಯ ದಿನ ಇಟ್ಟ ಕುಂಕುಮದ ಬೊಟ್ಟು. ಮನೆಗೆ ಬಂದವರು ಅದನ್ನು ನೋಡಿ, "ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ಆಗ ನನಗೆ ತಕ್ಷಣ ಬಾಯಾರಿಕೆಯಾಗುತ್ತದೆ. ನೀರು ಕುಡಿಯಲು ಅಡುಗೆ ಮನೆಗೆ ಹೋಗುತ್ತೇನೆ. ಆ ಪೆಟ್ಟಿಗೆ ಮನೆಗೆ ಬಂದಮೇಲೆ ನಾನು ಕುಡಿದಷ್ಟು ನೀರನ್ನು ಡಾಕ್ಟರು ಗದರಿಸಿ ಹೇಳಿದಾಗಲೂ ಕುಡಿದಿರಲಿಲ್ಲ.

ಅದು ಕ್ಯೂಬಾ ದೇಶದ ಸಿಗಾರಿನ ಪೆಟ್ಟಿಗೆ. ಹೇಳಿಬಿಟ್ಟೆ ನೋಡಿ. ಬಸವೇಶ್ವರನಗರದಲ್ಲಿ ಥರ್ಟಿ ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿಕೊಂಡು, ಅವರೆಕಾಳಿನ ಉಪ್ಪಿಟ್ಟು ತಿಂದು, ಸಿಟಿ ಬಸ್ ಕಂಡಕ್ಟರನ ಮಗನಾಗಿ ಹುಟ್ಟಿದವನಿಗೂ ಕ್ಯೂಬಾಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಏನೂ ಇಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಐಶ್ವರ್ಯವೂ ಬರಲಿಲ್ಲ, ಬರೀ ಕೊಡೆ ಬಂತು.

ನಾನು ನಾಯಂಡಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರು. ಪೊಲೀಸ್ ಅಲ್ಲ, ಹೆದರಬೇಡಿ. ಗಾಡಿಗಳಿಗೆ ಹಾಕುವ ರಬ್ಬರ್ ಬುಷ್‌ಗಳನ್ನು ಒಂದೊಂದಾಗಿ ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು ನನ್ನ ಕೆಲಸ. ಜೀವನವೆಲ್ಲ ಇದನ್ನೇ ಮಾಡಿ ಮಾಡಿ ನನಗೊಂದು ಭ್ರಮೆ ಅಂಟಿಕೊಂಡಿದೆ: ಪ್ರಪಂಚದಲ್ಲಿ ಯಾವ ವಸ್ತುವನ್ನು ಕೈಗೆ ಕೊಟ್ಟರೂ ಅದರ ಯೋಗ್ಯತೆ ಹೇಳಬಲ್ಲೆ ಎಂದು. ಕುರುಬರಹಳ್ಳಿಯಲ್ಲಿ ತರಕಾರಿ ಕೊಳ್ಳುವಾಗ ನಾನು ಬದನೆಕಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸುವುದನ್ನು ನೋಡಿ ಗಾಡಿಯವಳು ಒಮ್ಮೆ, "ಸಾರ್, ಹೆಣ್ಣು ನೋಡಾಕ್ ಬಂದಿದೀರಾ, ಪಲ್ಯ ಮಾಡಾಕ್ ಬಂದಿದೀರಾ?" ಎಂದಿದ್ದಳು. ನನ್ನ ಹೆಂಡತಿ ಶೈಲ ಅಂದಿನಿಂದ ನನ್ನೊಂದಿಗೆ ತರಕಾರಿಗೆ ಬರುವುದನ್ನು ಬಿಟ್ಟಳು.

ಇಂಥವನನ್ನು ಕಂಪನಿಯವರು ಒಂದು ಮಷೀನು ನೋಡಿ ಬರಲು ವಿದೇಶಕ್ಕೆ ಕಳಿಸಿದರು. ನೋಡಿದೆ, ಹಸಿರು ಚೀಟಿ ಕೊಟ್ಟೆ. ಆ ಸಂತೋಷಕ್ಕೆ ಮಷೀನಿನ ಯಜಮಾನ ಊಟವಾದಮೇಲೆ ನನ್ನ ಕೈಗೆ ಒಂದು ಸಿಗಾರು ಕೊಟ್ಟ. ಜೀವಮಾನದಲ್ಲಿ ಬೀಡಿ ತುದಿಯನ್ನೂ ಬಾಯಿಗಿಟ್ಟವನಲ್ಲ ನಾನು. ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು. ಆದರೆ ಎದುರಿನ ಗಾಜಿನಲ್ಲಿ ನನ್ನ ಪ್ರತಿಬಿಂಬ ಕಾಣಿಸಿತು ನೋಡಿ, ಕೋಟು, ಹೊಗೆ, ಬೆರಳ ನಡುವೆ ಆ ಕಂದು ಬಣ್ಣದ ದಪ್ಪ ಕಡ್ಡಿ, ಆಹಾ, ಯಾರೋ ದೊಡ್ಡ ಮನುಷ್ಯ ಕೂತಿದ್ದ! ಬರುವಾಗ ಏರ್‌ಪೋರ್ಟಿನಲ್ಲಿ ಒಂದು ಪೆಟ್ಟಿಗೆಯನ್ನೇ ಕೊಂಡೆ. ಮನೆಯಲ್ಲಿ ಅದರ ಬೆಲೆ ಕೇಳಿದಾಗ ನಾನು ಹೇಳಿದ್ದು ಸುಳ್ಳು. ಅದು ಮೊದಲನೆಯ ಸುಳ್ಳು, ಚಿಕ್ಕದು. ಮುಂದೆ ಬರುವುದರ ಎದುರು ಅದು ಲೆಕ್ಕಕ್ಕೇ ಇಲ್ಲ.

ಮನೆಗೆ ಬಂದು ಪೆಟ್ಟಿಗೆ ತೆರೆದರೆ, ಸಿಗಾರುಗಳ ಮೈಮೇಲೆ ತೆಳ್ಳಗೆ ಬಿಳಿಯ ಪುಡಿ. ಶೈಲ ಬಗ್ಗಿ ನೋಡಿ, "ಬೂಷ್ಟು ಹಿಡಿದಿದೆ ರೀ. ಬದನೆಕಾಯಿಗೆ ಅಷ್ಟು ನೋಡೋರು, ಇದನ್ನ ಕಣ್ಮುಚ್ಕೊಂಡು ತಂದ್ರಾ?" ಎಂದಳು. ನನ್ನ ಇನ್‌ಸ್ಪೆಕ್ಟರ್ ಹೃದಯಕ್ಕೆ ಈ ಮಾತು ಚುಚ್ಚಿತು. ಕಾರ್ಖಾನೆಯ ಭೂತಗನ್ನಡಿ ತಂದು ಕಣ್ಣಿಗಿಟ್ಟುಕೊಂಡು ನೋಡಿದೆ. ಮೊಬೈಲಿನಲ್ಲಿ ಓದಿದೆ. ಅಲ್ಲಿ ನೋಡಿದರೆ ಈ ಬಿಳಿ ಪುಡಿಯ ವಿಷಯವಾಗಿ ಲೋಕವೇ ಇಬ್ಭಾಗವಾಗಿದೆ. ಒಂದು ಪಂಗಡದವರು ಹೇಳುತ್ತಾರೆ, ಇದು ಎಲೆಯೊಳಗಿನ ಎಣ್ಣೆ ಮಾಗಿ ಹೊರಗೆ ಬಂದು ಹರಳುಗಟ್ಟಿರುವುದು, ಉತ್ತಮ ಜಾತಿಯ ಲಕ್ಷಣ, ನೀವು ಪುಣ್ಯವಂತರು ಎಂದು. ಇನ್ನೊಂದು ಪಂಗಡದವರು, ಅದೆಲ್ಲ ಅಂಗಡಿಯವರು ಕಟ್ಟಿದ ಕಥೆ, ಇದು ಅಪ್ಪಟ ಬೂಷ್ಟು, ಎಸೆಯಿರಿ ಎನ್ನುತ್ತಾರೆ. ಪರೀಕ್ಷೆಯನ್ನೂ ಹೇಳಿದ್ದರು. ಮೆತ್ತನೆಯ ಬ್ರಷ್ಷಿನಿಂದ ಸವರಿದಾಗ ಪುಡಿಯಾಗಿ ಉದುರಿ ಕಲೆ ಬಿಡದಿದ್ದರೆ ಒಳ್ಳೆಯದು. ನೀಲಿ ಹಸಿರು ಛಾಯೆಯಿದ್ದು, ಹತ್ತಿಯ ಹಾಗೆ ಕೂದಲೆದ್ದು, ಕತ್ತರಿಸಿದ ತುದಿಯೊಳಗೂ ಇಳಿದಿದ್ದರೆ ಕೆಟ್ಟದ್ದು.

ಸವರಿದೆ. ಉದುರಿತು. ಕಲೆ ಬಿಟ್ಟಿತೋ ಇಲ್ಲವೋ ಹೇಳಲಾರೆ. ಒಂದು ಕಣ್ಣಿಗೆ ಬಿಟ್ಟಹಾಗೆ, ಇನ್ನೊಂದು ಕಣ್ಣಿಗೆ ಬಿಡದಹಾಗೆ. ಮೆಲ್ಲಗೆ ಅದುಮಿದರೆ ಸ್ಪಂಜಿನ ಹಾಗೆ ತಿರುಗಿ ಉಬ್ಬಿತು, ಅದು ಒಳ್ಳೆಯ ಲಕ್ಷಣವಂತೆ. ಮೂಸಿದರೆ ಒಳಗೆ ಎಲ್ಲೋ ಘಾಟು. ಅದು ಎಳೆಯ ಸಿಗಾರಿನ ಗುಣ, ಇನ್ನೂ ಮಾಗಬೇಕು, ವರ್ಷಗಟ್ಟಲೆ ಇಟ್ಟರೆ ಘಾಟು ಹೋಗಿ ರುಚಿ ಮೆತ್ತಗಾಗುತ್ತದೆ ಎಂದಿತ್ತು. ಜೀವನದಲ್ಲಿ ಮೊದಲ ಸಲ ನಾನು ಹಸಿರು ಚೀಟಿಯನ್ನೂ ಕೊಡಲಿಲ್ಲ, ಕೆಂಪು ಚೀಟಿಯನ್ನೂ ಕೊಡಲಿಲ್ಲ. "ಮಾಗಲಿ, ಆಮೇಲೆ ನೋಡೋಣ" ಎಂದು ತೀರ್ಮಾನಿಸಿದೆ. ಹೇಡಿಗಳೆಲ್ಲ ಹೀಗೇ ತೀರ್ಮಾನಿಸುವುದು.

ಮಾಗಿಸುವುದೆಂದರೆ ಸುಮ್ಮನೆ ಅಲ್ಲ. ತಂಪಿರಬೇಕು, ಕತ್ತಲಿರಬೇಕು, ಗಾಳಿಯಲ್ಲಿ ಹದವಾದ ತೇವ ಇರಬೇಕು, ಅಲುಗಾಟ ಗದ್ದಲ ಇರಬಾರದು. ಶ್ರೀಮಂತರು ಇದಕ್ಕೆಂದೇ ದೇವದಾರು ಮರದ ಕಪಾಟು ಮಾಡಿಸುತ್ತಾರಂತೆ. ನಾನು ದೋಸೆಹಿಟ್ಟಿನ ಗಾಳಿಯಾಡದ ಡಬ್ಬಿ ತೆಗೆದುಕೊಂಡು, ಪೆಟ್ಟಿಗೆಯನ್ನು ಅದರೊಳಗಿಟ್ಟು, ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಒದ್ದೆ ಸ್ಪಂಜು ಇಟ್ಟೆ. ಎಲ್ಲಿಡುವುದು? ಮಲಗುವ ಕೋಣೆಗೆ ಮಧ್ಯಾಹ್ನದ ಬಿಸಿಲು. ಹಾಲಿನಲ್ಲಿ ಟೀವಿ. ಅಡುಗೆ ಮನೆಯಲ್ಲಿ ಕುಕ್ಕರು. ಥರ್ಟಿ ಫಾರ್ಟಿ ಮನೆಯಲ್ಲಿ ತಂಪಾಗಿ, ಕತ್ತಲಾಗಿ, ಸದ್ದಿಲ್ಲದೆ ಇರುವ ಜಾಗ ಒಂದೇ, ದೇವರ ಮನೆ. ಅದಕ್ಕೆ ಕಿಟಕಿಯೇ ಇಲ್ಲ. ಮೇಲಿನ ಸಜ್ಜದಲ್ಲಿ, ಹಬ್ಬದ ಪಾತ್ರೆಗಳ ಹಿಂದೆ ಡಬ್ಬಿಯನ್ನು ತಳ್ಳಿದೆ. ಕೆಳಗೆ ವೆಂಕಟರಮಣಸ್ವಾಮಿಯ ಪಟ. ಸ್ವಾಮಿ ನೋಡಲಿಲ್ಲ ಎಂದುಕೊಂಡೆ.

ಅಮ್ಮ ನೋಡಿದಳು. ಶ್ರಾವಣ ಬರುತ್ತಿತ್ತು, ಹಬ್ಬದ ಪಾತ್ರೆ ಇಳಿಸಿಕೊಡಲು ಶೈಲಳಿಗೆ ಹೇಳಿ, ಪಾತ್ರೆಯ ಹಿಂದೆ ಇದ್ದ ಡಬ್ಬಿಯನ್ನೂ ಇಳಿಸಿಕೊಂಡಿದ್ದಳು. ನಾನು ಕೆಲಸದಿಂದ ಬರುವಾಗ ಅಮ್ಮ ಹಾಲಿನಲ್ಲಿ ಕಾಲು ಚಾಚಿ ಕೂತು ಒಂದು ಸಿಗಾರನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಬದನೆಕಾಯಿ ನೋಡುವ ವಿದ್ಯೆ ನನಗೆ ಎಲ್ಲಿಂದ ಬಂತು ಎಂದು ಗೊತ್ತಾಯಿತು.

"ಮಂಜ, ಏನೋ ಇದು? ದೇವ್ರ ಮನೇಲಿ ಇಟ್ಟಿದೀಯಲ್ಲ?"

ಈಗ ನಿಮಗೆ ನಮ್ಮ ಅಮ್ಮನ ಮೂಗಿನ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಕೆಟ್ಟ ಜ್ವರ ಬಂದು ಹೋಯಿತು. ಹೋಗುವಾಗ ಅಮ್ಮನ ವಾಸನೆಯ ಶಕ್ತಿಯನ್ನು ತೆಗೆದುಕೊಂಡು ಹೋಯಿತು. ಸಾರು ಕುದಿಯುವ ಘಮದಿಂದಲೇ ಉಪ್ಪು ಕಡಿಮೆ ಎಂದು ಹೇಳುತ್ತಿದ್ದವಳು ಈಗ ಹಾಲಿನ ಪಾತ್ರೆ ಹಿಡಿದು ನಮ್ಮ ಹಿಂದೆ ಬರುತ್ತಾಳೆ: "ಮೂಸಿ ನೋಡೋ, ಒಡೆದಿದ್ಯಾ?" ಮಲ್ಲಿಗೆ ಮುಡಿಸಿಕೊಂಡ ಸೊಸೆಯನ್ನು ಕೇಳುತ್ತಾಳೆ: "ಘಮ್ ಅಂತಿದ್ಯೇನೇ?" ನಾವು ಹೇಳಿದ್ದೇ ಅವಳಿಗೆ ವಾಸನೆ. ಮನೆಯಲ್ಲಿ ಈ ಒಂದು ವಿಷಯದಲ್ಲಿ ಯಾರೂ ಅವಳನ್ನು ತಮಾಷೆ ಮಾಡುವುದಿಲ್ಲ, ಯಾರೂ ಸುಳ್ಳು ಹೇಳುವುದಿಲ್ಲ. ಅದು ಹೇಳದೇ ಆದ ಒಪ್ಪಂದ.

ಆ ಒಪ್ಪಂದವನ್ನು ನಾನು ಮುರಿದೆ. "ಅದು ಧೂಪ ಕಣಮ್ಮಾ," ಎಂದೆ. "ವಿದೇಶದ್ದು. ದೇವರಿಗೆ ಅಂತ ತಂದೆ."

"ಇಷ್ಟು ದಪ್ಪ?"

"ಅಲ್ಲಿ ಹಾಗೇ."

"ಬೂಷ್ಟು ಬಂದಂಗಿದೆಯಲ್ಲೋ." ಬೆರಳಿನಿಂದ ಪುಡಿ ತೆಗೆದು ಉಜ್ಜಿದಳು. ಆಮೇಲೆ ಅದನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ಮೂಸಿ ಹೇಳು, ಚೆನ್ನಾಗಿದ್ಯಾ?"

ಒಣ ಹೊಗೆಸೊಪ್ಪಿನ ವಾಸನೆ ನೆತ್ತಿಗೇರಿತು. "ಘಮ ಘಮ ಅಂತಿದೆ ಅಮ್ಮಾ," ಎಂದೆ. ಅಡುಗೆ ಮನೆಯಲ್ಲಿ ಶೈಲ ಒಗ್ಗರಣೆ ಹಾಕುತ್ತಿದ್ದವಳು ಸೌಟನ್ನು ಟಣ್ಣೆಂದು ಇಟ್ಟಳು. ಅಮ್ಮನ ಮುಖ ಅರಳಿತು. "ಪರವಾಗಿಲ್ಲ, ದೇವ್ರು ದಿಂಡ್ರು ಅಂತ ಬುದ್ಧಿ ಬಂತಲ್ಲ ನಿಂಗೆ," ಎಂದಳು.

ನಿಜ ಹೇಳುವುದಕ್ಕೆ ಅಂಥ ಕಷ್ಟವೇನಿತ್ತು ಎಂದು ನೀವು ಕೇಳಬಹುದು. ಇತ್ತು. ತೀರಿಹೋಗಿ ವರ್ಷಗಳಾಗಿದ್ದರೂ, ನಮ್ಮ ಅಪ್ಪ.

ಅಪ್ಪ ರಾಜಾಜಿನಗರದಿಂದ ಮಾರ್ಕೆಟ್ಟಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ರಜಾದಿನಗಳಲ್ಲಿ ಹಟ ಮಾಡಿ ನಾನೂ ಹೋಗುತ್ತಿದ್ದೆ, ಅವರ ಸೀಟಿನ ಹಿಂದೆ ಕೂತು ಪ್ರಪಂಚ ನೋಡುತ್ತಿದ್ದೆ. ಆಗ ಬಸ್ಸಿನಲ್ಲಿ ಬೀಡಿ ಸೇದುವುದು ಉಸಿರಾಡಿದಷ್ಟು ಸಹಜ. ಅಪ್ಪನಿಗೆ ಮಾತ್ರ ಬೀಡಿಯೆಂದರೆ ಮೈಯೆಲ್ಲ ಉರಿ. ಹಿಂದಿನ ಸೀಟಿನಲ್ಲಿ ಕಡ್ಡಿ ಗೀರಿದ ಸದ್ದಾದರೆ ಸಾಕು, ಜನರನ್ನು ಸರಿಸಿಕೊಂಡು ಹೋಗಿ, "ಸ್ವಾಮಿ, ಬೀಡಿ ಆರ್ಸ್ತೀರೋ, ನೀವು ಇಳೀತೀರೋ? ಎರಡೂ ಆಗಲ್ಲ ಅಂದ್ರೆ ಬಸ್ಸು ಇಲ್ಲೇ ನಿಲ್ಲುತ್ತೆ," ಎಂದು ಸೀಟಿ ಊದಿಬಿಡುತ್ತಿದ್ದರು. ಒಮ್ಮೆ ರಾಜಾಜಿನಗರ ಎಂಟ್ರೆನ್ಸಿನ ಹತ್ತಿರ ಬಸ್ಸು ನಿಂತೇ ನಿಂತಿತು. ಆ ಮನುಷ್ಯನೂ ಮೊಂಡ, ಅಪ್ಪನೂ ಮೊಂಡರು. ಬಸ್ಸಿನವರೆಲ್ಲ ಅಪ್ಪನನ್ನೇ ಬೈದರು. "ಲೇಟಾಗುತ್ತೆ ಕಣ್ರೀ, ಒಂದು ಬೀಡಿ ತಾನೇ!" ನನಗೆ ಅಳು ಬಂದಿತ್ತು. ಅಪ್ಪ ಮಾತ್ರ ಬಾಗಿಲಲ್ಲಿ ಒಂದು ಕಾಲಿಟ್ಟು ಹಾಗೇ ನಿಂತಿದ್ದರು, ಬೀಡಿ ಆರುವ ತನಕ.

ಆದರೂ ಸಂಜೆ ಮನೆಗೆ ಬಂದಾಗ ಅವರ ಖಾಕಿ ಶರಟಿನಲ್ಲಿ ಹೊಗೆಯ ವಾಸನೆ ಇದ್ದೇ ಇರುತ್ತಿತ್ತು. ಎಷ್ಟು ಜನರನ್ನು ಇಳಿಸಿಯಾರು? ಅಪ್ಪ ಬಾಗಿಲಲ್ಲೇ ಶರಟು ಬಿಚ್ಚಿ, ಕಾಲರು ಮೂಸಿ, ಮುಖ ಸಿಂಡರಿಸಿ, "ಯಾರ್ಯಾರದ್ದೋ ಹೊಗೆ ನಾನು ಹೊತ್ಕೊಂಡು ಬರ್ಬೇಕು ನೋಡು," ಎನ್ನುತ್ತಿದ್ದರು. ಅಮ್ಮ ಆ ಶರಟನ್ನು ಮನೆಯ ಬಟ್ಟೆಯ ಜೊತೆ ನೆನೆಹಾಕುತ್ತಿರಲಿಲ್ಲ. ಅದಕ್ಕೆ ಬೇರೆ ಬಕೆಟ್ಟು. ಒಗೆದು, ಮೂಸಿ, ಇನ್ನೂ ವಾಸನೆಯಿದ್ದರೆ ಮತ್ತೆ ಒಗೆಯುತ್ತಿದ್ದಳು. ಅಂಥವರ ಮಗ ನಾನು. ಅಂಥವರ ಹೆಂಡತಿಯ ಮುಂದೆ, "ಇದು ಸಿಗಾರು, ನನ್ನದು" ಎನ್ನಲು ನಾಲಿಗೆ ಏಳಲಿಲ್ಲ.

ಮಾರನೆಯ ವಾರ ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಂತು. ಸಂಜೆ ಸ್ಕೂಟರಿನಲ್ಲಿ ನಮ್ಮ ರಸ್ತೆಗೆ ತಿರುಗಿದರೆ, ಎದುರುಮನೆ ಪಂಕಜಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಮ್ಮ ಟೆರೇಸನ್ನೇ ನೋಡುತ್ತಿದ್ದರು. ಮೇಲೆ ಹಳೆಯ ಸೀರೆ ಹಾಸಿ, ಒಂದು ಕಡೆ ಅರಳು ಸಂಡಿಗೆ, ಇನ್ನೊಂದು ಕಡೆ ಸಾಲಾಗಿ ನನ್ನ ಸಿಗಾರುಗಳು ಬಿಸಿಲು ಕಾಯುತ್ತಿದ್ದವು. ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಅಮ್ಮ. ಒಣಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ಬಿಳಿ ಪುಡಿಯ ಸುಳಿವೂ ಇಲ್ಲದಂತೆ ಮಾಡಿದ್ದಳು. ಹುಳ ಬೀಳದಿರಲಿ ಎಂದು ತೊಗರಿಬೇಳೆಗೆ ಸವರುವ ಹಾಗೆ ಮೇಲೆ ಒಂದಿಷ್ಟು ಹರಳೆಣ್ಣೆಯನ್ನೂ ಸವರಿದ್ದಳು. ಸಿಗಾರು ಮಾಗಿಸುವವರು ಯಾವುದನ್ನು ಮಾಡಬಾರದೆನ್ನುತ್ತಾರೋ ಅದಷ್ಟೂ ಆಗಿತ್ತು. ಅದು ಉತ್ತಮ ಜಾತಿಯ ಲಕ್ಷಣವಾಗಿತ್ತೋ ಅಪ್ಪಟ ಬೂಷ್ಟೋ, ಇನ್ನು ಈ ಜನ್ಮದಲ್ಲಿ ನನಗೆ ತಿಳಿಯುವುದಿಲ್ಲ.

"ಏನ್ ಮಂಜುನಾಥ್, ನಿಮ್ಮಮ್ಮ ಏನೋ ಹೊಸ ಸಂಡಿಗೆ ಒಣಗ್ಸಿದಾರೆ?" ಎಂದರು ಪಂಕಜಮ್ಮ.

"ಧೂಪ ಆಂಟಿ," ಎಂದೆ. ಸುಳ್ಳಿಗೆ ಒಂದು ಒಳ್ಳೆಯ ಗುಣವಿದೆ, ಎರಡನೆಯ ಸಲ ಹೇಳುವಾಗ ಅದು ಗಂಟಲಲ್ಲಿ ಸಿಕ್ಕುವುದಿಲ್ಲ.

ಅಂದು ಶೈಲ ನನ್ನನ್ನು ಅಡುಗೆ ಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. "ರೀ, ಹೇಳ್ಬಿಡಿ ಅವರಿಗೆ. ಬಯ್ತಾರೆ, ಎರಡು ದಿನ ಮಾತಾಡಲ್ಲ, ಅಷ್ಟೇ ತಾನೆ? ಮೂಗಿಲ್ಲದೋರಿಗೆ ಹೀಗ್ ಮಾಡ್ತಾರಾ?"

"ಹೇಳ್ತೀನಿ."

"ಯಾವಾಗ?"

"ಹಬ್ಬ ಮುಗೀಲಿ."

ಹಬ್ಬ ಮುಗಿಯುವ ತನಕ ಅಮ್ಮ ಕಾಯಲಿಲ್ಲ. ಶ್ರಾವಣದ ಕೊನೆಯ ಶನಿವಾರ ನಮ್ಮ ಮನೆಯಲ್ಲಿ ವೆಂಕಟರಮಣನ ಪೂಜೆ. ದಾಸಯ್ಯನವರು ಬಂದು ಶಂಖ ಊದಿ ಜಾಗಟೆ ಬಾರಿಸುತ್ತಾರೆ. ಬೀದಿಯವರೆಲ್ಲ ಬಂದು ಗೋವಿಂದ ಹೇಳಿ ಊಟ ಮಾಡಿಕೊಂಡು ಹೋಗುತ್ತಾರೆ. ನಾನು ಹೊರಗೆ ಊಟದ ಎಲೆ ಹಾಕಿಸುತ್ತಿದ್ದೆ. ಮಂಗಳಾರತಿಯ ಹೊತ್ತಿಗೆ ಒಳಗೆ ಬಂದರೆ, ದೇವರ ಮುಂದೆ ಅಕ್ಕಿ ತುಂಬಿದ ಲೋಟದಲ್ಲಿ ಒಂದು ಸಿಗಾರು ನೆಟ್ಟಗೆ ನಿಂತು ಹೊಗೆ ಬಿಡುತ್ತಿತ್ತು. ಬಾಳೆಹಣ್ಣಿಗೆ ಸಿಕ್ಕಿಸಲು ಅದು ದಪ್ಪವಾಯಿತು ಎಂದು ಲೋಟಕ್ಕೆ ಬಂದಿತ್ತು. ಅದು ಸಾಲದೆಂದು ಅಮ್ಮ ಇನ್ನೊಂದನ್ನು ಮುರಿದು ಧೂಪದ ಬಟ್ಟಲಿನ ಕೆಂಡದ ಮೇಲೆ ಹಾಕಿದ್ದಳು. ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ್ದ ಸೊಪ್ಪು, ಜೊತೆಗೆ ಹರಳೆಣ್ಣೆ. ಆ ಹೊಗೆಯನ್ನು ಹೇಗೆ ವರ್ಣಿಸಲಿ? ಹಳೆಯ ಬಸ್ಸೊಂದು ದೇವರ ಮನೆಯೊಳಗೆ ಬಂದು ನಿಂತ ಹಾಗಿತ್ತು.

ಅಮ್ಮ ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಭಕ್ತಿಯಿಂದ, ಒಬ್ಬೊಬ್ಬರ ಮುಂದೆಯೂ ತರುತ್ತಿದ್ದಳು. "ತಗೊಳಿ, ನಮ್ಮ ಮಂಜ ಫಾರಿನ್ನಿಂದ ತಂದಿದ್ದು," ಎನ್ನುತ್ತಿದ್ದಳು. ಜನ ಕೆಮ್ಮುತ್ತಲೇ ಹೊಗೆಯನ್ನು ಕೈಯಿಂದ ಕಣ್ಣಿಗೊತ್ತಿಕೊಂಡರು. ದಾಸಯ್ಯನವರ ಶಂಖ ಅರ್ಧದಲ್ಲಿ ನಿಂತಿತು. ಪಂಕಜಮ್ಮ ಸೆರಗು ಮೂಗಿಗೆ ಹಿಡಿದರು. ಮೂಲೆಮನೆಯ ರಾಮಣ್ಣನವರ ಸರದಿ ಬಂತು. ಅವರು ಮಿಲಿಟರಿಯಿಂದ ರಿಟೈರಾದವರು, ದೊಡ್ಡ ಬಾಯಿ, ಕೆಟ್ಟ ಮನುಷ್ಯರಲ್ಲ. ಒಂದು ಸಲ ಮೂಸಿದರು. ಇನ್ನೊಂದು ಸಲ ಮೂಸಿದರು.

"ತಾಯೀ, ಇದು ಧೂಪ ಅಲ್ಲ. ಸಿಗಾರು! ನಮ್ಮ ಸಾಹೇಬ್ರು ಸೇದ್ತಿದ್ರಲ್ಲ, ಅದೇ. ಯಾರ್ದು ಇದು?"

ಜಾಗಟೆಯೂ ನಿಂತಿತು. ಯಾರೋ ಒಬ್ಬರು ಕಿಸಕ್ಕೆಂದರು. ಅಮ್ಮ ಬಟ್ಟಲು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಗಾದೆಯಲ್ಲಿ ಕೇಳಿದ್ದೇನೆ, ನಾನು ಅಂದು ಜೇಬು ಮುಟ್ಟಿ ನೋಡಿಕೊಂಡೆ. ಅಮ್ಮನಿಗೆ ಅಷ್ಟು ಸಾಕಾಯಿತು. ಅವಳ ಮುಖದಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ಎಲ್ಲ ತಿಳಿಯಿತು, ಆಮೇಲೆ ಮತ್ತೆ ಏನೂ ಇರಲಿಲ್ಲ. ಈಗ ಹೇಳು, ಈಗ ಹೇಳು ಎಂದು ನನ್ನೊಳಗೆ ಯಾರೋ ಕೂಗುತ್ತಿದ್ದರು. ಬಾಯಿ ಬಿಡಲಿಲ್ಲ ನಾನು.

ಅಮ್ಮ ರಾಮಣ್ಣನವರ ಕಡೆ ತಿರುಗಿ, "ಗೊತ್ತು ರಾಮಣ್ಣ, ಸಿಗಾರೇ. ನಮ್ಮನೆಯವ್ರಿಗೆ ಭಾಳ ಇಷ್ಟ ಇತ್ತು. ಯಾರಿಗೂ ಗೊತ್ತಾಗದಂಗೆ ಸೇದ್ತಿದ್ರು. ಅವರ ನೆನಪಿಗೆ ಅಂತ ಮಂಜನ ಕೈಲಿ ತರ್ಸಿದ್ದೆ. ಎಲ್ಲರ ಮುಂದೆ ಹೇಳೋಕೆ ನಾಚಿಕೆ ಆಗಿ ಧೂಪ ಅಂದೆ. ತಪ್ಪಾಯ್ತು," ಎಂದಳು. ಆಮೇಲೆ ದಾಸಯ್ಯನವರಿಗೆ, "ನೀವು ಊದಿ ಸ್ವಾಮಿ," ಎಂದಳು.

ಶಂಖ ಊದಿದರು. ಎಲ್ಲರೂ ಗೋವಿಂದ ಎಂದರು. ಗೋಡೆಯ ಮೇಲೆ ಅಪ್ಪನ ಫೋಟೋ ಇತ್ತು, ನಾನು ಅತ್ತ ನೋಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಮಾನ ಹೊಗೆಸೊಪ್ಪಿಗೆ ಹೋಗಬೇಕಿತ್ತು, ಹೋಗಲಿಲ್ಲ. ನನ್ನ ಬದಲು ಅಪ್ಪನದು ಹೋಯಿತು.

ಎಲ್ಲರೂ ಊಟ ಮಾಡಿ ಹೋದಮೇಲೆ ಅಮ್ಮನ ಮುಂದೆ ಹೋಗಿ ನಿಂತೆ. ಅವಳು ಉಳಿದ ಸಿಗಾರುಗಳನ್ನು ಹರಳೆಣ್ಣೆಯ ಸಮೇತ ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಖಾಲಿ ಪೆಟ್ಟಿಗೆಯನ್ನು ಒರೆಸುತ್ತಿದ್ದಳು.

"ಅಮ್ಮಾ, ಯಾಕೆ ಹಂಗೆ ಹೇಳ್ದೆ? ಅಪ್ಪ ಯಾವತ್ತು..."

"ಹೋದೋರಿಗೆ ಏನೋ ಮರ್ಯಾದೆ ಹೋಗೋದು? ನೀನು ನಾಳೆ ಈ ಬೀದೀಲಿ ನಡೀಬೇಕಲ್ಲ." ಪೆಟ್ಟಿಗೆಯ ಮುಚ್ಚಳ ತೆರೆದು ಮುಚ್ಚಿ ನೋಡಿದಳು. "ಗಟ್ಟಿಯಾಗಿದೆ. ಹೂಬತ್ತಿಗೆ ಆಗುತ್ತೆ."

ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ. ಮರುದಿನದಿಂದ ಹಾಲಿನ ಪಾತ್ರೆಯನ್ನು ಮಾತ್ರ ನನ್ನ ಮೂಗಿಗೆ ಹಿಡಿಯುವುದನ್ನು ಬಿಟ್ಟಳು. ಶೈಲಳನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಶೈಲ ಸ್ನಾನಕ್ಕೆ ಹೋಗಿದ್ದರೆ ಪಾತ್ರೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಕಾಯುತ್ತಿದ್ದಳು. ನಾನು ಎರಡು ಹೆಜ್ಜೆ ದೂರದಲ್ಲಿ ಪೇಪರು ಓದುತ್ತಾ ಕೂತಿರುತ್ತಿದ್ದೆ.

ಬೀದಿಯಲ್ಲಿ ಮಾತ್ರ ಅಪ್ಪನ ಕೀರ್ತಿ ಬೆಳೆಯುತ್ತಲೇ ಹೋಯಿತು. ರಾಮಣ್ಣನವರು ವಾಕಿಂಗಿನಲ್ಲಿ ಸಿಕ್ಕಿ, "ನಿಮ್ಮ ತಂದೆ ಭಾರೀ ಶೋಕಿವಾಲ ಕಣ್ರೀ. ನಾವು ಬಸ್ಸಲ್ಲಿ ಕಂಡಿದ್ದೇ ಬೇರೆ!" ಎಂದು ಬೆನ್ನು ತಟ್ಟಿದರು. ಬೀಡಿಯವರನ್ನು ಬಸ್ಸಿಂದ ಇಳಿಸುತ್ತಿದ್ದದ್ದೂ ಈಗ ಜನರಿಗೆ ಹೊಸ ಅರ್ಥ ಕೊಡತೊಡಗಿತು. "ಹೊರಗೆ ಹಂಗೆ, ಒಳಗೆ ಹಿಂಗೆ" ಎಂದು ಪಂಕಜಮ್ಮ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ನಾನು ಸ್ಕೂಟರಿಗೆ ಕಿಕ್ ಹೊಡೆದೆ. ಅದು ಸೆಲ್ಫ್ ಸ್ಟಾರ್ಟಿನ ಸ್ಕೂಟರು.

ಪಿತೃಪಕ್ಷ ಬಂತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಹೋದವರ ಫೋಟೋ ಮುಂದೆ ಹೊಸ ಬಟ್ಟೆ, ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಇಷ್ಟವಾದದ್ದು ಎಂದರೆ ಇಷ್ಟವಾದದ್ದೇ. ಬ್ರಾಂದಿ ಕುಡಿಯುವವರಾಗಿದ್ದರೆ ಬ್ರಾಂದಿ, ಎಲೆಅಡಿಕೆಯಾದರೆ ಎಲೆಅಡಿಕೆ, ಬೀಡಿಯಾದರೆ ಹಚ್ಚಿದ ಬೀಡಿ. ಅಪ್ಪನಿಗೆ ಪ್ರತಿವರ್ಷ ಕೋಳಿಸಾರು, ಮುದ್ದೆ, ಒಂದು ಲೋಟ ಕಾಫಿ, ಒಂದು ಬಿಳಿ ಶರಟು. ಖಾಕಿ ಹಾಕಿ ಸಾಕಾಗಿತ್ತಲ್ಲ ಅವರಿಗೆ, ಅದಕ್ಕೆ ಬಿಳಿಯದು.

ಕೆಂಗೇರಿಯಿಂದ ಚಿಕ್ಕಪ್ಪ, ಅಪ್ಪನ ತಮ್ಮ, ಬಂದರು. ಬಂದವರೇ ಜುಬ್ಬದ ಜೇಬಿನಿಂದ ಒಂದು ಉದ್ದನೆಯ ಕೊಳವೆ ತೆಗೆದು ಅಪ್ಪನ ಎಲೆಯ ಪಕ್ಕ ಇಟ್ಟರು. ಸಿಗಾರು.

"ಇಷ್ಟು ವರ್ಷ ನಮ್ಗೆ ಗೊತ್ತೇ ಇರ್ಲಿಲ್ಲ ನೋಡು, ಅತ್ತಿಗೆ," ಎಂದರು, ಕಣ್ಣಲ್ಲಿ ನೀರು. "ಅಣ್ಣಯ್ಯ ಆಸೆ ಮುಚ್ಕೊಂಡೇ ಹೋಗ್ಬಿಟ್ಟ. ಊರೋರೆಲ್ಲ ಹೇಳ್ತಾವ್ರೆ. ಹಚ್ಚು ಮಂಜ, ನೀನೇ ಹಚ್ಚು. ಹಿರೇ ಮಗ."

ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ಫೋಟೋದಲ್ಲಿ ಅಪ್ಪ. ಈ ಸಲ ನೋಡಲೇಬೇಕಾಯಿತು. ಸೀಟಿ ಊದಲು ಉಸಿರು ತೆಗೆದುಕೊಂಡವರ ಹಾಗಿತ್ತು ಆ ಮುಖ.

"ಚಿಕ್ಕಪ್ಪ," ಎಂದೆ. "ಅಪ್ಪ ಸೇದ್ತಿರ್ಲಿಲ್ಲ. ಒಂದು ದಿನವೂ ಇಲ್ಲ. ಅದು ನಂದು. ನಾನು ತಂದಿದ್ದು, ನಂಗೋಸ್ಕರ. ಅಮ್ಮಂಗೆ ಧೂಪ ಅಂತ ಸುಳ್ಳು ಹೇಳಿದ್ದು ನಾನು. ನನ್ನ ಉಳ್ಸೋಕೆ ಅಮ್ಮ ಅಪ್ಪನ ಮೇಲೆ ಹಾಕಿದ್ಲು."

ಚಿಕ್ಕಪ್ಪ ನನ್ನನ್ನೇ ನೋಡಿದರು. ಬಯ್ಯುತ್ತಾರೆ, ಬಯ್ಯಲಿ, ಹೊಡೆದರೂ ಸರಿ ಎಂದು ನಿಂತಿದ್ದೆ. ಅವರು ಮುಂದೆ ಬಂದು ನನ್ನನ್ನು ತಬ್ಬಿಕೊಂಡುಬಿಟ್ಟರು.

"ನೋಡ್ರಪ್ಪಾ! ನೋಡ್ರಿ! ಅಪ್ಪನ ಹೆಸರಿಗೆ ಒಂದ್ ಚುಕ್ಕೆ ಬರಬಾರ್ದು ಅಂತ ತನ್ನ ಮೇಲೆ ಹಾಕ್ಕೊಂತಾವ್ನೆ! ಲೋ, ಬೀಡಿ ಅಂದ್ರೆ ಓಡೋಗ್ತಿದ್ದೋನು ನೀನು, ನಂಗೊತ್ತಿಲ್ವಾ? ಅಣ್ಣಯ್ಯ ಪುಣ್ಯವಂತ. ಇಂಥಾ ಮಗನ್ನ ಪಡ್ಯೋಕೆ ಏಳು ಜನ್ಮದ ಪುಣ್ಯ ಬೇಕು!"

"ಇಲ್ಲ ಚಿಕ್ಕಪ್ಪ, ನಿಜವಾಗ್ಲೂ..."

"ಸಾಕು ಬಿಡ್ಲಾ, ನಂಗೂ ಅಳು ಬತ್ತದೆ."

ಅಮ್ಮನ ಕಡೆ ನೋಡಿದೆ. ಅವಳು ಎಲೆಯ ತುದಿಗೆ ಉಪ್ಪು ಬಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಚಿಕ್ಕಪ್ಪನೇ ಕಡ್ಡಿ ಗೀರಿ, ನಾಲ್ಕು ದಮ್ಮು ಎಳೆದು ಕೆಂಡ ಮಾಡಿ, ಸಿಗಾರನ್ನು ತಟ್ಟೆಯ ಅಂಚಿಗೆ ಒರಗಿಸಿದರು. ಬಾಗಿಲು ಮುಂದೆ ಮಾಡಿ ಹೊರಗೆ ಬಂದೆವು. ಹಾಲಿನಲ್ಲಿ ಎಲ್ಲರೂ ನನ್ನನ್ನು ಪ್ರೀತಿಯಿಂದ ನೋಡುತ್ತಿದ್ದರು. ನನಗೆ ಗೋಡೆಯೊಳಗೆ ಹೋಗಿಬಿಡುವಂತಾಗಿತ್ತು. ಬಯ್ಗುಳವನ್ನಾದರೆ ತಿನ್ನಬಹುದು, ಆ ಹೊಗಳಿಕೆಯನ್ನು ನುಂಗುವುದು ಹೇಗೆ?

ಬಾಗಿಲು ತೆರೆದಾಗ ಕೋಣೆಯ ತುಂಬ ಹೊಗೆ. ಸಿಗಾರಿನ ತುದಿಯಲ್ಲಿ ಬಿಳಿಯ ಬೂದಿ ಉದ್ದಕ್ಕೆ ನಿಂತಿತ್ತು, ಬಿದ್ದಿರಲಿಲ್ಲ. ಒಳ್ಳೆಯ ಸಿಗಾರಿನ ಬೂದಿ ಹಾಗೆಯೇ ನಿಲ್ಲುತ್ತದೆ. ಚಿಕ್ಕಪ್ಪ ಕೈಮುಗಿದು, "ಸೇದವ್ನೆ ಅಣ್ಣಯ್ಯ, ಆಸೆ ತೀರ್ತು," ಎಂದರು. ಎಲ್ಲರೂ ಅಡ್ಡಬಿದ್ದು, ಊಟಕ್ಕೆ ಎದ್ದು ಹೋದರು.

ಅಮ್ಮ ಹಿಂದೆ ಉಳಿದಳು. ಫೋಟೋ ಮುಂದಿದ್ದ ಬಿಳಿ ಶರಟನ್ನು ತೆಗೆದುಕೊಂಡಳು. ಎಡೆಗಿಟ್ಟ ಬಟ್ಟೆಯನ್ನು ಹಿರಿಯ ಮಗ ಹಾಕಿಕೊಳ್ಳಬೇಕು, ಅದು ಪದ್ಧತಿ. ನಾನು ಕೈ ಚಾಚಿದೆ. ಅಮ್ಮ ಅದನ್ನು ಕೈಗೆ ಕೊಡಲಿಲ್ಲ. ಶ್ರಾವಣದಿಂದ ಈಚೆಗೆ ಮೊದಲ ಸಲ, ನನ್ನ ಮೂಗಿನ ಹತ್ತಿರ ಹಿಡಿದಳು.

"ಮೂಸಿ ಹೇಳು. ಹೊಗೆ ವಾಸ್ನೆ ಹಿಡ್ದಿದ್ಯಾ?"

"ಹಿಡಿದಿದೆ ಅಮ್ಮಾ."

"ತುಂಬಾನಾ?"

"ತುಂಬಾ."

ಅವಳು ಶರಟು ಹಿಡಿದು ಹಿತ್ತಲಿಗೆ ನಡೆದಳು. ನಾನೂ ಹಿಂದೆ ಹೋದೆ. ಬಟ್ಟೆ ನೆನೆಹಾಕುವ ಬಕೆಟ್ಟನ್ನು ಸರಿಸಿ, ಮೂಲೆಯಲ್ಲಿದ್ದ ಬೇರೆ ಬಕೆಟ್ಟಿಗೆ ನಲ್ಲಿ ತಿರುಗಿಸಿದಳು. ಸೋಪನ್ನು ನನ್ನ ಮುಂದೆ ಇಟ್ಟಳು. ನಾನು ಪಂಚೆ ಎತ್ತಿ ಕಟ್ಟಿ ಕಲ್ಲಿನ ಮುಂದೆ ಕೂತೆ. ಒಳಗೆ ಚಿಕ್ಕಪ್ಪ ನನ್ನನ್ನು ಊಟಕ್ಕೆ ಕೂಗುತ್ತಿದ್ದರು. ಕಾಲರು ಉಜ್ಜಿದೆ, ತೋಳು ಉಜ್ಜಿದೆ, ಜಾಲಾಡಿಸಿ ಹಿಂಡಿದೆ. ಅಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

"ಈಗ ಮೂಸು."

ಒದ್ದೆ ಶರಟನ್ನು ಮುಖಕ್ಕೆ ಹಿಡಿದೆ. ಸೋಪಿನ ವಾಸನೆಯ ಅಡಿಯಲ್ಲಿ, ಸಣ್ಣಗೆ, ಆ ಬಸ್ಸು. ಹೋಗಿದೆ ಅನ್ನಬಹುದಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಇನ್ನೂ ಇದೆ ಅಮ್ಮಾ."

ಅಮ್ಮ ಬಕೆಟ್ಟನ್ನು ನನ್ನ ಕಡೆ ತಳ್ಳಿದಳು.

"ಇನ್ನೊಂದ್ಸಲ ಒಗಿ."